ಕಡೇ ಸೀರೆ ಉಟ್ಟ ನಮ್ಮ ಅತ್ತಿಗೆ

ನಮ್ಮ ಅತ್ತಿಗೆ ಸಪ್ಪಲಮ್ಮನ ನಗು ಬೀದಿಯ ಆ ತುದಿಗೆ ಕೇಳಿಸುತ್ತದೆ. ಮನೆಗೆರಡು ಮಗ್ಗ ಇರುವ ಬೀದಿಯಲ್ಲಿ, ಅಷ್ಟೂ ಲಾಳಿಗಳ ಟಕಟಕದ ನಡುವೆ ಕೇಳಿಸುತ್ತದೆ ಎಂದರೆ ಅದೆಂಥ ನಗು ಎಂದು ನೀವೇ ಊಹಿಸಿಕೊಳ್ಳಿ. ಸೇಲಂನ ಗುಗೈ ಕಡೆಗೆ ಹೊಸದಾಗಿ ಬಂದವರು ಈ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾರೆ. ನಮಗಾದರೆ ಸದ್ದು ನಿಂತರೇ ಗಾಬರಿ.

ನಾನು ಚಿನ್ನತಾಯಿ. ಸಪ್ಪಲಮ್ಮನ ಗಂಡ ಶಿವಲಿಂಗಂ ನನ್ನ ಒಡಹುಟ್ಟಿದ ಅಣ್ಣ. ನನ್ನ ಗಂಡ ಮನೆ ಅಳಿಯನಾಗಿ ಬಂದವನು. ಸೀರೆ ಗಂಟು ಹೊತ್ತು ಕೊಳತ್ತೂರು, ಮೇಟ್ಟೂರು ಎಂದು ಊರೂರು ತಿರುಗಿ ಮಾರುತ್ತಾನೆ, ಮನೆಯಲ್ಲಿ ಇರುವುದೇ ಅಪರೂಪ. ಅಪ್ಪ ತೀರಿಕೊಂಡ ಮೇಲೆ ಮನೆಯ ನಡುವೆ ಒಂದು ಗೋಡೆ ಎದ್ದಿತು. ಆಚೆ ಪಾಲು ಅಣ್ಣನಿಗೆ, ಈಚೆ ಪಾಲು ನನಗೆ. ಅಪ್ಪನ ಮಗ್ಗ ನನ್ನ ಪಾಲಿನಲ್ಲೇ ಉಳಿಯಿತು. ಅದರಲ್ಲಿ ನೇಯುವವರಿಲ್ಲದೆ, ಕಾಲು ಇಳಿಬಿಡುವ ಗುಂಡಿಯಲ್ಲಿ ನನ್ನ ಕಪ್ಪು ಕೋಳಿ ಮೊಟ್ಟೆ ಇಟ್ಟು ಕಾವು ಕೂರುತ್ತಿತ್ತು. ಈ ಕೋಳಿಯನ್ನು ಮರೆಯಬೇಡಿ, ಇದರ ಕೆಲಸ ಮುಂದೆ ಇದೆ.

ಅತ್ತಿಗೆಯ ತವರು ಕಂಬೈನಲ್ಲೂರು. ಮದುವೆಯಾಗಿ ಎತ್ತಿನ ಗಾಡಿಯಲ್ಲಿ ಬಂದಿಳಿದಾಗ ಅವಳ ಜೊತೆ ಬಂದದ್ದು ಒಂದು ಮರದ ಪೆಟ್ಟಿಗೆ, ಎರಡು ಹಿತ್ತಾಳೆ ಚೊಂಬು ಮತ್ತು ಆ ನಗು. ಪೆಟ್ಟಿಗೆಯ ತಳದಲ್ಲಿ ಅವಳ ಅವ್ವನ ಸೀರೆ ಇತ್ತು. ಅವಳಪ್ಪ ಚಿಕ್ಕಮುನಿಯಪ್ಪ ತನ್ನ ಹೆಂಡತಿಗೆಂದೇ ನೇಯ್ದದ್ದು. ಮೈ ಹತ್ತಿ, ಅಂಚು ಸೆರಗು ರೇಷ್ಮೆ. ಮೈಗೆ ಅರಗಿನ ಕೆಂಪು, ಅಂಚಿಗೆ ಅರಿಸಿನ ಬಣ್ಣ. ಅಂಚಿನುದ್ದಕ್ಕೂ ಒಂದು ಸಾಲು ರುದ್ರಾಕ್ಷಿ, ಅದರ ಪಕ್ಕಕ್ಕೆ ಹುರುಳಿಕಾಳಿನಷ್ಟು ಚಿಕ್ಕ ಚುಕ್ಕಿಗಳು. ಪೂರಾ ಹದಿನಾರು ಮೊಳ. ಈಗಿನ ಹುಡುಗಿಯರ ಮಿಲ್ಲಿನ ಸೀರೆಯಂತೆ ಒಂದು ಸುತ್ತು ಸುತ್ತಿ ಸಿಕ್ಕಿಸಿದರೆ ಮುಗಿಯುವ ಜಾತಿಯದಲ್ಲ. ಬಣ್ಣವೂ ಅಷ್ಟೇ. ಈಗಿನ ಡಬ್ಬಿ ಬಣ್ಣ ಮೊದಲ ಒಗೆತಕ್ಕೇ ಪಕ್ಕದ ಬಟ್ಟೆಗೆಲ್ಲ ಬಳುವಳಿ ಕೊಟ್ಟು ತಾನು ಬಡವಾಗುತ್ತದೆ. ಚಿಕ್ಕಮುನಿಯಪ್ಪನ ಕೆಂಪು ಹೆಂಡತಿಯ ಕಾಲ ಮುಗಿದು ಮಗಳ ತಲೆ ನರೆತರೂ ಹಾಗೇ ಇತ್ತು.

ಈಗ ನಮ್ಮ ಬೀದಿಯ ಒಂದು ಪದ್ಧತಿ ಹೇಳಬೇಕು. ಕಡೆಯ ಮಗುವಿನ ಮದುವೆ ಮುಗಿದ ಮೇಲೆ ಮನೆಯೊಡತಿ ತನಗೆ ಇಷ್ಟವಾದ ಒಂದು ಸೀರೆ ಆರಿಸಿ, ಅದರ ಮೂಲೆಗೆ ಅರಿಸಿನ ಹಚ್ಚಿ, ಚೌಡಮ್ಮನ ಗುಡಿಯ ದೀಪಕ್ಕೆ ತೋರಿಸಿ ಪೆಟ್ಟಿಗೆಯ ತಳಕ್ಕೆ ಇಡುತ್ತಾಳೆ. ಅದು ಅವಳ ಕಡೇ ಸೀರೆ. ಅವಳು ಹೋದ ದಿನ ಉಡಿಸಿ ಕಳಿಸುವುದು ಅದನ್ನೇ. ಒಮ್ಮೆ ದೀಪಕ್ಕೆ ತೋರಿಸಿದ ಮೇಲೆ ಬದುಕಿರುವಾಗ ಉಡುವಂತಿಲ್ಲ. ಉಟ್ಟರೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಯಾರೂ ಉಟ್ಟು ನೋಡಿರಲಿಲ್ಲ. ಅತ್ತಿಗೆಯೂ ಮಗಳು ಚೆಲ್ಲಮ್ಮನ ಮದುವೆ ಮಾಡಿ ಕಳಿಸಿದ ವರ್ಷ ತನ್ನ ಅವ್ವನ ಸೀರೆಯನ್ನು ಹಾಗೆ ತೋರಿಸಿ ಇಟ್ಟಿದ್ದಳು.

ಇಟ್ಟದ್ದು ಇಟ್ಟ ಹಾಗೇ ಇರುತ್ತಿತ್ತು, ಎದುರು ಮನೆಯ ಪೊನ್ನಮ್ಮಜ್ಜಿ ಸಾಯದಿದ್ದರೆ.

ಅಜ್ಜಿಯದು ಅಳುವ ಸಾವಲ್ಲ. ಮೊಮ್ಮಕ್ಕಳ ಮಕ್ಕಳನ್ನು ಕಂಡವಳು, ಸಾರು ಅನ್ನ ಉಂಡು, ಉಪ್ಪು ಸಾಲದು ಎಂದು ಬೈದು, ಮಲಗಿ ಏಳಲಿಲ್ಲ. ಅವಳ ಕಡೇ ಸೀರೆ ತೆಗೆಯಲು ನಾವು ಹೆಂಗಸರು ಪೆಟ್ಟಿಗೆ ಬಿಚ್ಚಿದೆವು. ಅಪ್ಪಟ ರೇಷ್ಮೆ, ಅಂಗೈ ಅಗಲ ಜರಿ. ಮದುವೆಯ ದಿನ ಬಿಟ್ಟರೆ ಅವಳು ಅದನ್ನು ಉಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಮಡಿಕೆ ಬಿಚ್ಚಿದ್ದೇ ತಡ, ಮಡಿಸಿದ ಗೆರೆಗೆ ಸರಿಯಾಗಿ ಹಪ್ಪಳದ ಹಾಗೆ ಸೀಳಿತು. ಇನ್ನೊಂದು ಮಡಿಕೆ ಬಿಚ್ಚಿದೆವು, ಅದೂ ಸೀಳಿತು. ಕೊನೆಗೆ ನನ್ನ ಕೈಯಲ್ಲಿ ಒಂದು ತುಂಡು, ಅತ್ತಿಗೆಯ ಕೈಯಲ್ಲಿ ಒಂದು ತುಂಡು. ಸೊಸೆಯ ಹೊಸ ಸೀರೆ ಉಡಿಸಿ ಅಜ್ಜಿಯನ್ನು ಕಳಿಸಿಕೊಟ್ಟೆವು.

ಸ್ನಾನ ಮುಗಿಸಿ ಮನೆಗೆ ಬರುವಾಗ ಅತ್ತಿಗೆ ಬೀದಿಯ ನಡುವೆ ನಿಂತುಬಿಟ್ಟಳು.

“ನೋಡಿದ್ಯಾ ಚಿನ್ನು? ಇರೋಗಂಟ ಉಡಲಿಲ್ಲ, ಓದ್ಮೇಲೂ ಉಡಲಿಲ್ಲ. ಆ ಸೀರೆ ಯಾರಿಗಾಗಿ ಇತ್ತು?”

“ಮೆಲ್ಲಗೆ ಮಾತಾಡು ಅತ್ತಿಗೆ, ಯಾರಾರ ಕೇಳ್ಸ್ಕೊಂಡಾರು.”

“ಕೇಳ್ಸ್ಕೊಳ್ಳಿ. ಅವ್ರ ಪೆಟ್ಟಿಗೇಲೂ ಐತೆ ಒಂದೊಂದು ಅಪ್ಪಳ.”

ಮಾರನೆಯ ದಿನ ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕಲು ಹೊರಗೆ ಬಂದರೆ, ಅತ್ತಿಗೆ ಜಗಲಿಯ ಮೇಲೆ ಕೆಂಪು ಸೀರೆ ಉಟ್ಟು ಕಾಲು ಇಳಿಬಿಟ್ಟು ಕೂತಿದ್ದಾಳೆ. ಕೈಯಲ್ಲಿ ಹಿತ್ತಾಳೆ ಲೋಟದಲ್ಲಿ ಕಾಫಿ. ಅಂಚಿನ ಅರಿಸಿನ ಬಣ್ಣಕ್ಕೆ ಎಳೆ ಬಿಸಿಲು ಬಿದ್ದು ಮಿಂಚುತ್ತಿದೆ. ನನ್ನ ಕೈಯಿಂದ ಚೊಂಬು ಜಾರಿತು.

“ಅಯ್ಯೋ ಕಡವುಳೇ! ಅತ್ತಿಗೆ, ಅದು ಕಡೇ ಸೀರೆ ಅಲ್ವಾ?”

“ಊಂ. ಎಷ್ಟು ಮೆತ್ತಗೈತೆ ಗೊತ್ತಾ? ಒಸ ಸೀರೆ ಮೈ ಮ್ಯಾಲೆ ಕುತ್ಕೊತೈತೆ ಚಿನ್ನು, ಅಳೇದು ಮೈ ಸೇರ್ಕೊತೈತೆ. ಬಾ, ಕಾಫಿ ಕುಡಿ. ಏರ್ಕಾಡ್ ಬೀಜ, ಈಗ ತಾನೆ ಉರ್ದಿವ್ನಿ.”

ನಾನು ಕುಡಿದೆ. ಕಾಫಿ ಚೆನ್ನಾಗಿಯೇ ಇತ್ತು.

ಒಂದು ದಿನದ ಹುಚ್ಚು ಎಂದುಕೊಂಡೆವು. ಅಲ್ಲ. ಬೆಳಿಗ್ಗೆ ಸ್ನಾನ ಮಾಡಿ ಉಟ್ಟರೆ ದೀಪ ಹಚ್ಚುವ ಹೊತ್ತಿಗೆ ಬಿಚ್ಚಿ ಮಡಿಸುತ್ತಿದ್ದಳು, ಪ್ರತಿ ದಿನವೂ ಬೇರೆ ಗೆರೆಗೆ. ಅದನ್ನು ಉಟ್ಟುಕೊಂಡೇ ರಾಗಿ ಬೀಸಿದಳು, ಮುದ್ದೆ ತಿರುವಿದಳು, ರಾಟೆಯ ಮುಂದೆ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿದಳು. ಮಾವಿನ ಕಾಲದಲ್ಲಿ ಹಿತ್ತಲ ಕಲ್ಲಿನ ಮೇಲೆ ಕೂತು ಮೊಳಕೈವರೆಗೆ ರಸ ಸುರಿಸಿಕೊಂಡು ಹಣ್ಣು ತಿಂದಳು. ಒಂದು ಹನಿ ಸೆರಗಿಗೆ ಬಿದ್ದಾಗ ನಾನು ಕೂಗಿಕೊಂಡರೆ, “ನಮ್ಮವ್ವನೂ ಇಲ್ಲೇ ಒಂದು ಅನಿ ಬೀಳ್ಸಿದ್ಲು, ನೋಡು” ಎಂದು ಹಳೆಯ ಕಲೆಯೊಂದನ್ನು ಹುಡುಕಿ ತೋರಿಸಿದಳು. ಎರಡು ಕಲೆಗಳೂ ಅಕ್ಕಪಕ್ಕ ಇದ್ದವು. ಅದನ್ನು ಕಂಡು ಅವಳಿಗಾದ ಸಂತೋಷ ಇಷ್ಟಿಷ್ಟಲ್ಲ.

ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ಅವಳು ಮಾಡುತ್ತಿದ್ದುದೆಲ್ಲ ನಾನು ಮಾಡುವ ಕೆಲಸವೇ. ಅದೇ ಒಲೆ, ಅದೇ ಹೊಗೆ, ಅದೇ ಸಗಣಿ. ನಾನು ಗೊಣಗುತ್ತಾ ಮಾಡುತ್ತಿದ್ದೆ. ಅವಳು ಹಬ್ಬಕ್ಕೆ ನೆಂಟರು ಬಂದ ಹಾಗೆ ಮಾಡುತ್ತಿದ್ದಳು.

ಬೀದಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಕೆಲವರು ಅವಳ ಮನೆಯ ಮುಂದೆ ಬೇಗ ಬೇಗ ಹೆಜ್ಜೆ ಹಾಕಿದರು. ಮೂಲೆಮನೆ ಅಂಕಮ್ಮನಂತೂ, “ಇದೆನ್ನ ಅನ್ಯಾಯಂ! ಯಮನ್ಗೆ ವೀಳ್ಯ ಕೊಟ್ಟಂಗಾಯ್ತು” ಎಂದು ನೀರಿನ ಕಟ್ಟೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಅತ್ತಿಗೆ ಅದನ್ನು ಕೇಳಿ ನಕ್ಕಳು. ಆದರೆ ಆ ಮಾತು ಹೋಗಿ ನಾಟಿದ್ದು ಬೇರೆಯವರಿಗೆ.

ನಮ್ಮಣ್ಣನಿಗೆ.

ಅಣ್ಣ ಮಾತಾಡುವವನಲ್ಲ. ಲಾಳಿ ಆಡಿಸುವುದರಲ್ಲಿ ಬೀದಿಗೇ ಚುರುಕು. ಬಾಯಿ ಆಡಿಸುವುದರಲ್ಲಿ ಬೀದಿಗೇ ಮಂದ. ಮದುವೆಯಾದಾಗಿನಿಂದ ಅವನು ಹೆಂಡತಿಯ ಮುಖವನ್ನು ನೆಟ್ಟಗೆ ನೋಡಿದ್ದು ನನಗೆ ನೆನಪಿಲ್ಲ. ಅವನ ಕಣ್ಣು ಯಾವಾಗಲೂ ಎಳೆಯ ಮೇಲೆ. ಕೆಂಪು ಸೀರೆ ಕಂಡ ಮೊದಲ ದಿನ ಅವನು ಹಾವು ತುಳಿದವನಂತೆ ಮಗ್ಗದಿಂದ ಎದ್ದ, ಏನೂ ಹೇಳದೆ ಮತ್ತೆ ಕೂತ. ಎಳೆಗಳು ಪಟಪಟ ಹರಿಯತೊಡಗಿದವು. ಒಂದು ವಾರದಲ್ಲಿ ಊಟ ಅರ್ಧಕ್ಕೆ ಇಳಿಯಿತು. ಅತ್ತಿಗೆ ಕೆಮ್ಮಿದರೆ ಇವನ ಲಾಳಿ ನಿಲ್ಲುತ್ತಿತ್ತು, ಸೀನಿದರೆ ಎದ್ದು ಬಂದು ಬಾಗಿಲಲ್ಲಿ ನಿಂತು ಇಣುಕುತ್ತಿದ್ದ. ಒಂದು ಸಂಜೆ ಸೀರೆಯನ್ನು ಕದ್ದು ಅಟ್ಟದ ಮೇಲಿನ ಹುರುಳಿ ಗುಡಾಣದಲ್ಲಿ ಬಚ್ಚಿಟ್ಟ. ಅತ್ತಿಗೆ ಮಾರನೆಯ ಬೆಳಿಗ್ಗೆ ನೇರವಾಗಿ ಹೋಗಿ ತೆಗೆದಳು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಗಂಡ ಬಚ್ಚಿಡುವ ಜಾಗ ಗೊತ್ತಿರುವುದಿಲ್ಲವೇ? ಅಂದಿನಿಂದ ಸೀರೆ ಬಿಚ್ಚಿದ ತಕ್ಷಣ ಪೆಟ್ಟಿಗೆಗೆ ಬೀಗ; ಬೀಗದ ಕೈ ಅವಳ ಸೊಂಟದಲ್ಲಿ.

ಕೊನೆಗೆ ಅವನು ನನ್ನ ಮನೆಗೆ ಬಂದ. ಬಂದವನು ಕೋಳಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

“ಚಿನ್ನು, ಆ ಸೀರೆ ಬಿಡ್ಸು.”

“ನಾನೆಲ್ಲಿ ಬಿಡಿಸ್ಲಣ್ಣ? ನೀನೇ ಯೋಳು.”

“ಏನಂತ ಯೋಳ್ಲಿ? ನೀನು ಸತ್ತೋಗ್ತೀಯಾ ಅಂತ ನನ್ ಬಾಯಲ್ಲಿ ಅನ್ಲಾ?” ನೆಲದ ಮೇಲಿನ ಒಂದು ಕೋಳಿಪುಕ್ಕ ಎತ್ತಿ ಬೆರಳಿಗೆ ಸುತ್ತಿದ. “ಅಪ್ಪ ಓದಾಗ ಅವ್ವ ಇದ್ಲು. ಅವ್ವ ಓದಾಗ ಇವ್ಳು ಇದ್ಲು. ಇವ್ಳು ಓದ್ರೆ ನಂಗ್ಯಾರಿದಾರೆ?”

ನನ್ನಣ್ಣ ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೂ ಕಣ್ಣು ತುಂಬಿ ಬಂತು. ಅವನನ್ನು ಎಬ್ಬಿಸಿಕೊಂಡು ಗುಡಿಯ ಹಿರಿಯ ನಂಜಯ್ಯನ ಹತ್ತಿರ ಹೋದೆ. ನಂಜಯ್ಯ ಎಲೆ ಅಡಿಕೆ ಜಗಿಯುತ್ತಾ ಎಲ್ಲ ಕೇಳಿಸಿಕೊಂಡರು.

“ಅಮ್ಮಂಗೆ ತೋರ್ಸಿದ್ದು ಇಂದಕ್ಕೆ ತಗೊಂಡ್ರೆ ಬದ್ಲು ಇಡ್ಬೇಕಪ್ಪ,” ಎಂದರು. “ಅಂಥದ್ದೇ ಇನ್ನೊಂದು. ಅದೇ ಬಣ್ಣ, ಅದೇ ಅಂಚು. ಅದನ್ನ ಪೆಟ್ಟಿಗೇಲಿ ಇಟ್ಟ್ರೆ, ಇವ್ಳು ಉಟ್ಟಿರೋದು ಬರೀ ಸೀರೆ. ಏನೂ ದೋಷ ಇಲ್ಲ.”

ಅಣ್ಣನ ಮುಖಕ್ಕೆ ಜೀವ ಬಂತು. ನೇಯುವುದೇ ತಾನೆ? ಅದು ಅವನಿಗೆ ಗೊತ್ತಿತ್ತು. ಕೂಲಿಗೆ ನೇಯಲು ಸಾಹುಕಾರ ಕೊಟ್ಟ ನೂಲು ಮುಟ್ಟುವ ಹಾಗಿಲ್ಲ. ಚೆಲ್ಲಮ್ಮನ ಮದುವೆಗೆಂದು ತಂದು ಉಳಿದಿದ್ದ ಸ್ವಂತ ನೂಲು ಗೋಣಿಯಲ್ಲಿತ್ತು. ಅಪ್ಪನ ಮಗ್ಗ ನನ್ನ ಮನೆಯಲ್ಲಿ ಖಾಲಿ ಇತ್ತು. ಅತ್ತಿಗೆಗೆ ಮಾತ್ರ ಗೊತ್ತಾಗಬಾರದು. ಬದುಕಿ ಬಾಳುತ್ತಿರುವ ಹೆಂಡತಿಗೆ ‘ನಿನ್ನ ಕಡೇ ಸೀರೆ ನೇಯುತ್ತಿದ್ದೇನೆ’ ಎಂದು ಯಾವ ಗಂಡ ಹೇಳಿಯಾನು? ಯಾರಾದರೂ ಕೇಳಿದರೆ ಕೊಳತ್ತೂರಿನ ಗಿರಾಕಿಗಳಿಗೆ ಎನ್ನುವುದೆಂದು ಮಾತಾಯಿತು.

ಆದರೆ ಒಂದು ತೊಡಕು. ಅಂಚಿನಲ್ಲಿ ಒಂದೊಂದು ರುದ್ರಾಕ್ಷಿಗೆ ಎಷ್ಟು ಎಳೆ ಎಂಬುದು ಗೊತ್ತಾಗದೆ ಹಾಸು ಹಾಕುವ ಹಾಗಿಲ್ಲ. ಮಗ್ಗದ ಮೇಲೆ ಉದ್ದಕ್ಕೆ ಎಳೆಯುವ ನೂಲೇ ಹಾಸು. ಅಂಚಿನ ಲೆಕ್ಕವೆಲ್ಲ ಅದರಲ್ಲೇ ಸೇರಿಹೋಗಬೇಕು. ಸೀರೆಯೋ, ಹಗಲೆಲ್ಲ ಹೆಂಡತಿಯ ಮೈಮೇಲೆ, ಕತ್ತಲಾದರೆ ಬೀಗದೊಳಗೆ.

ಆಮೇಲೆ ನಮ್ಮ ಬೀದಿ ಕಂಡ ವೈಭವವನ್ನು ಏನೆಂದು ವರ್ಣಿಸಲಿ? ಮದುವೆಯಾದಾಗಿನಿಂದ ಹೆಂಡತಿಯ ಕಡೆ ತಿರುಗಿ ನೋಡದಂತಿದ್ದ ಗಂಡಸು ಅರವತ್ತರ ಹತ್ತಿರ ಅವಳ ಹಿಂದೆ ಹಿಂದೆ ತಿರುಗಲು ಶುರು ಮಾಡಿದ. ಅವಳು ಬೀಸುಕಲ್ಲಿನ ಮುಂದೆ ಕೂತರೆ ಇವನು ಪಕ್ಕದಲ್ಲಿ ಕೂತು ರಾಗಿ ಹಾಕಿಕೊಡುತ್ತಾನೆ, ಕಣ್ಣು ಅಂಚಿನ ಮೇಲೆ. ಅವಳು ರಾಟೆ ತಿರುಗಿಸಿದರೆ ಇವನು ನೆಲದ ಮೇಲೆ ಹರಡಿದ ಸೆರಗಿನ ತುದಿ ಹಿಡಿದು ತುಟಿ ಅಲ್ಲಾಡಿಸುತ್ತಾನೆ. ನಾಲ್ಕು, ಐದು, ಆರು ಎನ್ನುವಷ್ಟರಲ್ಲಿ ಅವಳು ಎದ್ದು ಒಲೆಯ ಕಡೆ ಹೋಗುತ್ತಾಳೆ, ಲೆಕ್ಕ ಮಣ್ಣು ಪಾಲು. ಬಾವಿಕಟ್ಟೆಯಿಂದ ಅವಳ ಕೊಡ ಇವನೇ ಹೊತ್ತು ತಂದ. ಹೆಂಡತಿಯ ಸೆರಗು ಹಿಡಿದು ತಿರುಗುವವನು ಎಂದು ಗಂಡಸರನ್ನು ಬೈಯುವುದುಂಟು; ನಿಜವಾಗಿ ಸೆರಗು ಹಿಡಿದು ತಿರುಗಿದವನನ್ನು ನಮ್ಮ ಬೀದಿ ನೋಡಿದ್ದು ಆಗಲೇ. ಯಮನಿಗೆ ವೀಳ್ಯ ಎಂದಿದ್ದ ಅಂಕಮ್ಮನೇ ತನ್ನ ಗಂಡನಿಗೆ, “ಶಿವಲಿಂಗಂ ಅಣ್ಣನ್ನ ನೋಡಿ ಕಲ್ತ್ಕೊ” ಎಂದು ಚುಚ್ಚತೊಡಗಿದಳು. ಇನ್ನಿಬ್ಬರು ಹೆಂಗಸರು ತಮ್ಮ ಪೆಟ್ಟಿಗೆಯ ಸೀರೆಯನ್ನು ಬಿಸಿಲಿಗೆ ಹಾಕುವ ನೆಪದಲ್ಲಿ ಹೆಗಲಿಗೆ ಇಟ್ಟು ನೋಡಿಕೊಂಡದ್ದನ್ನು ನಾನೇ ಕಂಡೆ.

ಅತ್ತಿಗೆ ಏನೂ ಕೇಳಲಿಲ್ಲ. ಅವಳ ಕೆನ್ನೆ ಮಾತ್ರ ದಿನೇ ದಿನೇ ತುಂಬಿಕೊಂಡಿತು.

ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ನಗು ನಿಂತಿತು. ಗಾಳಿ ಮಳೆಯಲ್ಲಿ ನೆನೆದು ಬಂದವಳಿಗೆ ಜ್ವರ ಹತ್ತಿ, ಎದ್ದು ಕೂರುವುದಕ್ಕೂ ಆಗದ ಹಾಗಾಯಿತು. ಅಣ್ಣ ಮಗ್ಗ ಬಿಟ್ಟ. ಬೀದಿಯವರು ಬಂದು ನೋಡಿ, ಏನೂ ಅನ್ನದೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು. ಅವರು ಅನ್ನದೆ ಹೋದದ್ದು ನನಗೂ ಕೇಳಿಸಿತು. ನಾನೂ ಹೆದರಿದ್ದೆ, ಸುಳ್ಳು ಯಾಕೆ ಹೇಳಲಿ.

ಒಂದು ಮಧ್ಯಾಹ್ನ ಅವಳು ನಡುಗುತ್ತಾ, “ಸಳಿ ಕಣ್ರಿ, ನಮ್ಮವ್ವನ ಸೀರೆ ಒದೆಸ್ರಿ” ಎಂದಳು. ಸೊಂಟದ ಬೀಗದ ಕೈ ತಾನೇ ತೆಗೆದುಕೊಟ್ಟಳು. ನಾನು ಅಣ್ಣನ ಮುಖ ನೋಡಿದೆ. ಅವನು ಕೈ ಚಾಚಲಾರದೆ ಚಾಚಿದ. ಸೀರೆ ತಂದು, ಎರಡು ಮಡಿಕೆ ಮಾಡಿ, ಕುತ್ತಿಗೆಯಿಂದ ಪಾದದವರೆಗೆ ಹೊದೆಸಿದ. ನಾನು ಕಷಾಯ ಕಾಯಿಸಲು ನನ್ನ ಮನೆಗೆ ಬಂದೆ.

ಕಷಾಯ ತೆಗೆದುಕೊಂಡು ಹೋಗಿ ನೋಡಿದರೆ ಅವನು ಅವಳ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದಾನೆ. ಕೆನ್ನೆಯ ಮೇಲೆ ನೀರು, ತುಟಿ ಅಲ್ಲಾಡುತ್ತಿದೆ. ಚೌಡಮ್ಮನಿಗೆ ಹರಕೆ ಹೇಳಿಕೊಳ್ಳುತ್ತಿದ್ದಾನೆ ಎಂದುಕೊಂಡು ಬಾಗಿಲಲ್ಲೇ ನಿಂತೆ. ಹರಕೆಯಲ್ಲ. ಅತ್ತಿಗೆಯ ಭುಜದ ಮೇಲಿದ್ದ ಅಂಚನ್ನು ಉಗುರಿನಿಂದ ಬಿಡಿಸಿ ಬಿಡಿಸಿ ಎಳೆ ಎಣಿಸುತ್ತಿದ್ದ. ಅಳುತ್ತಲೇ ಎಣಿಸುತ್ತಿದ್ದ. ಬದಲು ಸೀರೆ ಬೇಗ ಆದರೆ ಬೇಗ ದೋಷ ಕಳೆಯುತ್ತದೆ ಎಂಬ ಅವಸರ.

“ಅದ್ನಾರು,” ಎಂದು ಕೊನೆಗೆ ಪಿಸುಗುಟ್ಟಿದ.

“ಅದ್ನೇಳು,” ಎಂದಳು ಅತ್ತಿಗೆ, ಕಣ್ಣು ಬಿಡದೆಯೇ. “ನಡೂಕೆ ಒಂದೆಳೆ ಬಿಟ್ಬುಟ್ರಿ.”

ಅವನು ಕೂತಲ್ಲೇ ಹಿಂದಕ್ಕೆ ವಾಲಿದ. “ನಿಂಗೆಂಗೆ ಗೊತ್ತು?”

“ನಮ್ಮಪ್ಪ ಇದ ನೇಯ್ದಾಗ ಪಕ್ದಾಗೆ ಕುಂತು ಕಂಡಿಕೆ ಸುತ್ತಿದವ್ಳು ನಾನು. ಕೇಳಿದ್ರೆ ಒಂದ್ನೇ ದಿನವೇ ಯೋಳ್ತಿದ್ದೆ.” ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. “ಯಾರಿಗೆ ಆ ಅಂಚು?”

“ಕೊಳತ್ತೂರ್ ಗಿರಾಕಿಗೆ,” ಎಂದ ಅಣ್ಣ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಮುಖ ಹೇಗಿರುತ್ತದೋ ಹಾಗಿತ್ತು ಅವನ ಮುಖ.

“ಓ, ಕೊಳತ್ತೂರ್‌ಗಾ,” ಎಂದು ಅತ್ತಿಗೆ ಆ ಕಡೆ ತಿರುಗಿ ಮಲಗಿದಳು.

ಅವಳ ಜ್ವರ ಆ ವಾರವೇ ಇಳಿಯಿತು. ಕಷಾಯದಿಂದ ಇಳಿಯಿತು ಎಂದು ನಾನು ಹೇಳುತ್ತೇನೆ, ನೂಲು ಬಣ್ಣಕ್ಕೆ ಹಾಕಿದ ದಿನವೇ ಇಳಿಯಿತು ಎಂದು ಅಣ್ಣ ಹೇಳುತ್ತಾನೆ. ಅವಳನ್ನು ಕೇಳಿದರೆ ಸೀರೆ ಬೆಚ್ಚಗಿತ್ತು ಎನ್ನುತ್ತಾಳೆ.

ಹಾಸಿನ ನೂಲಿಗೆ ಗಂಜಿ ಹಚ್ಚುವ ದಿನ ಬಂತು. ನಮ್ಮಲ್ಲಿ ಅದು ಮನೆಯೊಳಗೆ ಆಗುವ ಕೆಲಸವಲ್ಲ. ಬಿಸಿಲು ಏರುವ ಮೊದಲು ಬೀದಿಯುದ್ದಕ್ಕೂ ನೂಲು ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಬೇಕು. ಅಕ್ಕಪಕ್ಕದವರೆಲ್ಲ ಕೈ ಹಾಕುತ್ತಾರೆ. ಅರಗು ಕೆಂಪಿನ ಹಾಸು ಬೀದಿಯ ನಡುವೆ ಹರಡಿಕೊಂಡಿತು. ಅತ್ತಿಗೆ ಅದೇ ಬಣ್ಣದ ಹಳೆಯ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಗಂಜಿಯ ಮಡಕೆ ಹೊತ್ತು ತಂದಳು. ತನ್ನ ಕಡೇ ಸೀರೆಗೆ ತಾನೇ ಗಂಜಿ ಹಚ್ಚಲು ನಿಂತವಳನ್ನು ಕಂಡು ಅಣ್ಣನ ಕೈಯ ಕುಂಚ ನಿಂತಿತು.

“ನೀನು ಮುಟ್ಬೇಡ,” ಎಂದ.

“ಯಾಕ್ರಿ? ಕೊಳತ್ತೂರ್‌ನವ್ರು ಬ್ಯಾಡ ಅಂದ್ರಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವಳು ಆ ತುದಿಯಿಂದ ಈ ತುದಿಗೆ ಹಚ್ಚಿಕೊಂಡು ಬಂದಳು. ಹಾಡಿಕೊಂಡೇ ಹಚ್ಚಿದಳು.

ನನ್ನ ಕಪ್ಪು ಕೋಳಿಯನ್ನು ಮೊಟ್ಟೆಗಳ ಸಮೇತ ಬುಟ್ಟಿಗೆ ಸಾಗಿಸಿದೆವು. ಅದು ಬೀದಿಗೆಲ್ಲ ಕೇಳುವಂತೆ ಬೈಯಿತು. ಅಣ್ಣ ಗುಂಡಿಯಲ್ಲಿ ಕಾಲಿಟ್ಟು ಅಪ್ಪನ ಮಗ್ಗದಲ್ಲಿ ಕೂತ. ಆ ಕೂರುವಿಕೆಯಲ್ಲಿ ನನಗೆ ಅಪ್ಪನೇ ಕಂಡ. ಸಾಹುಕಾರನ ಕೆಲಸ ಆಚೆ ಮನೆಯಲ್ಲಿ, ಹೆಂಡತಿಯ ಕೆಲಸ ಈಚೆ ಮನೆಯಲ್ಲಿ. ಬಿಡುವು ಸಿಕ್ಕಾಗಲೆಲ್ಲ ಓಡಿ ಬರುತ್ತಿದ್ದ. ಕಂಡಿಕೆ ಸುತ್ತಿಕೊಡುವುದು ನನ್ನ ಪಾಲಿಗೆ ಬಂತು. ಅವನು ಹಾಗೆ ನೇಯ್ದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಒಂದು ರುದ್ರಾಕ್ಷಿ ಮುಗಿದರೆ ಬೆರಳಿನಿಂದ ಸವರಿ, ತಲೆ ಓರೆ ಮಾಡಿ ನೋಡಿ, ಮುಂದಕ್ಕೆ ಹೋಗುತ್ತಿದ್ದ. ದಸರೆಗೆ ಮುಂಚೆ ಸೀರೆ ಮುಗಿಯಿತು. ಕತ್ತರಿಸಿ, ಮಡಿಸಿ, ಮೂಲೆಗೆ ಅರಿಸಿನ ಹಚ್ಚಿ ನನ್ನ ಕೈಗೆ ಕೊಟ್ಟ.

“ನಾನು ನಂಜಯ್ಯನ್ನ ಕಂಡು ದೀಪಕ್ಕೆ ಏರ್ಪಾಡು ಮಾಡ್ಬುಟ್ಟು ಬತ್ತೀನಿ. ಅವ್ಳ ಹತ್ರ ಏನಾರ ನೆಪ ಯೋಳಿ ಬೀಗದ ಕೈ ಈಸ್ಕೊ.”

ನೆಪ ಹುಡುಕುತ್ತಾ ನಾನು ಇನ್ನೂ ಮಗ್ಗದ ಹತ್ತಿರವೇ ನಿಂತಿದ್ದೆ, ಅತ್ತಿಗೆ ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು. ಮೈಮೇಲೆ ಒಂದು ಹಳೆಯ ನೀಲಿ ಸೀರೆ.

“ತತ್ತಾ,” ಎಂದು ಕೈ ಚಾಚಿದಳು.

“ಏನು?”

“ಕೊಳತ್ತೂರ್ ಸೀರೆ. ಅಳೇದನ್ನ ಒಗ್ದು ಹಗ್ಗದ ಮ್ಯಾಲೆ ಆಕಿವ್ನಿ, ಒಣಗೋಗಂಟ ಉಟ್ಕೊಂಡಿರ್ತೀನಿ.”

“ಅತ್ತಿಗೆ, ನಿನಗೆ ಗೊತ್ತಾ?”

“ಗೋಡೆ ಆಚೆ ನಿಮ್ಮಣ್ಣನ ಲಾಳಿ ಸದ್ದು ನಂಗೆ ಗೊತ್ತಾಗಲ್ವಾ ಚಿನ್ನು? ನಂಜಯ್ಯನ ಮಾತು ನಂಜಯ್ಯನ ಎಂಡ್ತಿ ಬಾಯಲ್ಲಿ ನಿಲ್ತದಾ? ಎಲ್ಲಾ ಗೊತ್ತು.”

“ಮತ್ತೆ ಎಳೆ ಲೆಕ್ಕ ಮೊದ್ಲೇ ಯೋಳ್ಬೋದಿತ್ತಲ್ಲ! ಪಾಪ, ಎಷ್ಟು ದಿನ ನಿನ್ನ ಹಿಂದೆ ಅಲೆದ!”

ಅವಳು ನನ್ನ ಕೈಯ ಸೀರೆಯನ್ನು ತೆಗೆದುಕೊಂಡು ಎದೆಗೆ ಒತ್ತಿಕೊಂಡು ನಾಚಿಕೊಂಡಳು. ಹೌದು, ಆ ವಯಸ್ಸಿನಲ್ಲಿ ನಾಚಿಕೊಂಡಳು. “ಮದ್ವೆ ಆದಾಗ್ಲಿಂದ ಮಗ್ಗ ನೋಡ್ತಾ ಕುಂತಿದ್ರು. ನಾಕು ದಿನ ನನ್ ಕಡೆ ನೋಡ್ಲಿ ಅಂತ ಸುಮ್ಕಿದ್ದೆ.”

ಅಣ್ಣ ಗುಡಿಯಿಂದ ತಿರುಗಿ ಬರುವ ಹೊತ್ತಿಗೆ ಅವಳು ಹೊಸ ಸೀರೆ ಉಟ್ಟು, ಕುಂಕುಮ ಇಟ್ಟು, ಅವನ ಮಗ್ಗದ ಮುಂದೆಯೇ ನಿಂತಿದ್ದಳು. ಹದಿನಾರು ಮೊಳವೂ ಅವಳ ಮೈಗೆ ಸರಿಯಾಗಿ ಸುತ್ತಿಕೊಂಡಿತ್ತು. ಅವನು ಹೊಸಿಲು ದಾಟಲಿಲ್ಲ. ಮುಖ ಬಿಳುಚಿಕೊಂಡಿತು.

“ಅದು... ಅದು ಉಡೋದಲ್ಲ.”

“ಯಾಕ್ರಿ?”

ಅವನು ನನ್ನ ಕಡೆ ನೋಡಿದ. ನಾನು ಸೂರು ನೋಡಿದೆ.

“ಯೋಳ್ರಿ. ಯಾಕೆ ಉಡ್ಬಾರ್ದು?”

“ಅದು ನಿನ್ನ...” ಎಂದ. ಹೊಸಿಲ ಮೇಲೆಯೇ ಕುಸಿದು ಕೂತ. “ಎಷ್ಟು ಕಿತಾ ನೇಯ್ಲಿ ಇವ್ಳೇ? ನಾನು ನೇಯ್ದ್ರೆ ನೀನು ಉಟ್ಕೊತೀಯ. ನೀನು ಓದ್ರೆ ನಾನು ಬದ್ಕಲ್ಲ. ಅಷ್ಟೇ ನಂಗೆ ಗೊತ್ತಿರೋದು.”

ಅತ್ತಿಗೆ ಬಂದು ಹೊಸಿಲ ಈಚೆ ಅವನ ಎದುರಿಗೆ ಕೂತಳು. ಅವಳ ಕಣ್ಣೂ ತುಂಬಿತ್ತು, ತುಟಿಯಲ್ಲಿ ಮಾತ್ರ ನಗು.

“ಎಷ್ಟು ಸೀರೆಗೆ ಆಸು ಆಕಿದ್ರಿ?”

“ಮೂರಕ್ಕೆ.”

“ಕಡೇ ಸೀರೆ ಒಂದು ಸಾಕಿತ್ತಲ್ಲ, ಮೂರು ಯಾಕೆ?”

ಅಣ್ಣ ತಲೆ ಎತ್ತಿದ. ದುಃಖದ ನಡುವೆಯೂ ಅವನಿಗೆ ಅವಳ ಪ್ರಶ್ನೆಯಿಂದ ಸಿಟ್ಟು ಬಂದದ್ದು ಕಾಣಿಸಿತು. “ಒಂದು ಸೀರೆಗೆ ಯಾರಾರ ಆಸು ಆಕ್ತಾರಾ? ನೇಕಾರ ಮಾಡೋ ಕೆಲ್ಸವಾ ಅದು?”

“ಅದಕ್ಕೇ ಅಂದಿದ್ದು,” ಎಂದಳು ಅತ್ತಿಗೆ. “ಮಗ್ಗದಾಗೆ ಇನ್ನೂ ಎರಡು ಐತೆ. ಇದು ಒಂದಾಯ್ತು. ಎರಡ್ನೇದನ್ನೂ ಉಡ್ತೀನಿ. ಮೂರ್ನೇದನ್ನ ನೀವು ಕುಯ್ದು ಕೊಟ್ಟ ದಿನ ಅರಿಸಿನ ಅಚ್ಚಿ, ಅಮ್ಮಂಗೆ ತೋರ್ಸಿ, ಪೆಟ್ಟಿಗೇಲಿ ಇಡ್ತೀನಿ. ಅಲ್ಲೀಗಂಟ ನಾನೆಲ್ಲಿಗೆ ಓಯ್ತೀನಿ? ನೇಯ್ರಿ.”

ಅಣ್ಣ ಅವಳನ್ನೇ ನೋಡಿದ. ಮಗ್ಗ ನೋಡಿದ. ಮಗ್ಗದ ಮೇಲೆ ಅರಗು ಕೆಂಪಿನ ಹಾಸು ಬಿಗಿಯಾಗಿ ಉಳಿದುಕೊಂಡಿತ್ತು. ಆಮೇಲೆ ಅವನು ನಕ್ಕ. ಅವನಿಗೂ ನಗು ಎಂಬುದೊಂದು ಇದೆ ಎಂದು ನನಗೆ ಗೊತ್ತಾದದ್ದು ಅಂದು. ಗುಡಿಯಲ್ಲಿ ದೀಪ ಹಚ್ಚಿಕೊಂಡು ಕಾದು ಕೂತ ನಂಜಯ್ಯನಿಗೆ ಇನ್ನೂ ಸೀರೆ ಆಗಿಲ್ಲ ಎಂದು ಹೇಳಿ ಕಳಿಸಿದೆವು.

ಇದು ನಡೆದು ಮೂರು ವರ್ಷವಾಯಿತು. ಅತ್ತಿಗೆ ಇವತ್ತು ಬೆಳಿಗ್ಗೆಯೂ ಜಗಲಿಯ ಮೇಲೆ ಅವ್ವನ ಸೀರೆ ಉಟ್ಟು ಕಾಫಿ ಕುಡಿದಳು. ಒಂದು ಕಡೆ ಅಂಚು ಸವೆದಿದೆ, ಅಲ್ಲಿಗೆ ತೇಪೆ ಹಾಕಿಕೊಂಡಿದ್ದಾಳೆ. ಅಣ್ಣ ನೇಯ್ದವುಗಳಲ್ಲಿ ಮೊದಲನೆಯದು ಶುಕ್ರವಾರಕ್ಕೆ, ಎರಡನೆಯದು ಮಗಳ ಮನೆಗೆ ಹೋಗುವಾಗ. ಮೂಲೆಮನೆಯ ಜಗಲಿಯಲ್ಲಿ ಅಂಕಮ್ಮ ತನ್ನ ಪೆಟ್ಟಿಗೆಯ ಹಸಿರು ಸೀರೆ ಉಟ್ಟು ಕೂರುತ್ತಾಳೆ, ಕೇಳಿದರೆ ಬಿಸಿಲಿಗೆ ಹಾಕಿದ್ದೇನೆ ಎನ್ನುತ್ತಾಳೆ.

ಮೂರನೆಯದು? ಬೀದಿಗೇ ಚುರುಕು ಎನಿಸಿಕೊಂಡ ನಮ್ಮಣ್ಣ ಅದನ್ನು ಸೆರಗಿನ ಹತ್ತಿರದವರೆಗೆ ನೇಯ್ದು ನಿಲ್ಲಿಸಿಬಿಟ್ಟ. ಎರಡು ದಿನದ ಕೆಲಸವೂ ಉಳಿದಿಲ್ಲ. ಅಪ್ಪನ ಮಗ್ಗಕ್ಕೆ ಬಟ್ಟೆ ಮುಚ್ಚಿದ್ದೇನೆ, ನನ್ನ ಕೋಳಿ ಮತ್ತೆ ಗುಂಡಿ ಸೇರಿಕೊಂಡಿದೆ. ಮೊನ್ನೆ ನಾನು ಜಾಗ ಗುಡಿಸಲೆಂದು ಅದನ್ನು ಎಬ್ಬಿಸಲು ಹೋದರೆ, ಆಚೆ ಮನೆಯಿಂದ ಅಣ್ಣ ಲಾಳಿ ಬಿಟ್ಟು ಓಡಿ ಬಂದ.

“ಕೋಳಿ ಕಾವು ಕುಂತೈತೆ, ಎಬ್ಬಿಸ್ಬ್ಯಾಡ ಚಿನ್ನು,” ಎಂದ. “ಮರಿ ಆಗ್ಲಿ, ಆಮ್ಯಾಲೆ ನೋಡನ.”

ಅದರ ಕೆಳಗೆ ಮೊಟ್ಟೆಯೇ ಇರಲಿಲ್ಲ. ನಾನು ಪೊರಕೆ ತೆಗೆದುಕೊಂಡು ಸುಮ್ಮನೆ ಹೊರಗೆ ಬಂದೆ.